ಕರಿಯಣ್ಣನವರ ಬಿಡಾರಕ್ಕೆ ಸೋಲಾರ್ ಹಾಕಿದ್ದು

ಶಿಕಾರಿಪುರದ ಒಂದು ಸೋಲಾರ್ ಅಂಗಡಿಯಲ್ಲಿ ನಾನು ಸಂಬಳಕ್ಕಿದ್ದೇನೆ. ಗಿರಾಕಿ ಇಲ್ಲದಾಗ ಮೊಬೈಲಿನಲ್ಲಿ ವಿದೇಶಿಯರ ವ್ಯಾನುಗಳನ್ನು ನೋಡುತ್ತೇನೆ. ಒಳಗೆ ಹಾಸಿಗೆ, ಒಲೆ. ನೆತ್ತಿಯ ಮೇಲೆ ಪ್ಯಾನೆಲ್. ಮನೆಯನ್ನೇ ಹೊತ್ತು ತಿರುಗುವ ಆ ಜನರ ವಿಷಯದಲ್ಲಿ ನನಗೆ ತಿಳಿಯದ್ದಿಲ್ಲ. ನನ್ನ ಸ್ವಂತ ವಾಹನವೆಂದರೆ ಬಸ್ ಪಾಸು.

ಹಾಗಾಗಿ ತೊಗರ್ಸಿ ಕಡೆಯ ಕರಿಯಣ್ಣ ಅಂಗಡಿ ಮುಂದೆ ಲಗೇಜ್ ಆಟೊ ನಿಲ್ಲಿಸಿ, "ಇದಕ್ಕೊಂದು ಸೋಲಾರ್ ಹಾಕ್ಕೊಡು ತಮ್ಮಾ" ಎಂದಾಗ, ಅಂತೂ ನನ್ನ ವಿದ್ಯೆಗೆ ತಕ್ಕ ಗಾಡಿ ಬಂತು ಎಂದುಕೊಂಡೆ.

ಕರಿಯಣ್ಣ ಕುರಿಗಾರರು. ಭತ್ತ ಕೊಯ್ದ ಮೇಲೆ ಮಂದೆ ಹೊಡೆದುಕೊಂಡು ಸೊರಬದ ಕಡೆಗೆ ಹೋಗಿ, ಉಳವಿ, ಹೊಸಬಾಳೆ ಎಂದು ಗದ್ದೆಯಿಂದ ಗದ್ದೆಗೆ ಬಿಡಾರ ಸಾಗಿಸುತ್ತಾರೆ. ರಾತ್ರಿ ಕುರಿ ತರುಬಿ ಮಲಗಿಸಿದ ಗದ್ದೆಗೆ ಗೊಬ್ಬರ, ಇವರಿಗೆ ಭತ್ತ. ಹದಿನಾರಕ್ಕೆ ಅಪ್ಪನ ಕಂಬಳಿ ಹೊದ್ದು ಹೊರಟವರು, ಸಾಮಾನನ್ನು ಕತ್ತೆಗಳ ಮೇಲೆ ಹೇರಿ ತಿರುಗಿ, ಐವತ್ತೆರಡಕ್ಕೆ ಡ್ರೈವಿಂಗ್ ಕಲಿತು ಕತ್ತೆಗಳಿಗೆ ನಿವೃತ್ತಿ ಕೊಟ್ಟರು. ಲೈಸೆನ್ಸ್ ಪರೀಕ್ಷೆಯಲ್ಲಿ ಗಾಡಿ ಹಿಂದಕ್ಕೆ ತೆಗೆಯುವಾಗ ಅಭ್ಯಾಸಬಲದಿಂದ "ಹೊಯ್, ಹೊಯ್" ಎಂದು ಅದನ್ನೇ ಗದರಿದರಂತೆ.

ಈ ವರ್ಷದ ತೊಡಕು ಹೆಂಡತಿ ಹನುಮಮ್ಮನವರದು. ಕಳೆದ ವರ್ಷ ಅವರು ಕತ್ತಲಲ್ಲಿ ಮರಿ ಎತ್ತಿಕೊಳ್ಳಲು ಬಗ್ಗಿ ಹಾವಿನ ಬಾಲ ಮುಟ್ಟಿದ್ದರು. ಹಾವು ತನ್ನ ಪಾಡಿಗೆ ಹೋಯಿತು, ಭಯ ಹೋಗಲಿಲ್ಲ.

"ಬೆಳಗಾಗೋ ತನ್ಕ ಉರಿಯೋ ಲೈಟ್ ಇದ್ರೆ ಇರ್ತೀನಿ, ಇಲ್ಲಾಂದ್ರೆ ನೀನುಂಟು ನಿನ್ನ ಕುರಿಯುಂಟು ಅಂದಾಳೆ" ಎಂದರು ಕರಿಯಣ್ಣ. "ಆಕಿ ಇಲ್ದೆ ಎಳೆ ಮರಿ ನೋಡೋರ್ಯಾರು? ಮಂದೆ ಮಾರೋದೇ ಸೈ."

"ಅಡುಗೆಗೂ ಕಷ್ಟ" ಎಂದೆ.

"ಅಡಿಗಿ ನಾನೇ ಮಾಡ್ಕೊಂತೀನಿ ಬಿಡು. ಜಗಳಾಡಾಕ ಒಬ್ರು ಬೇಕಲ್ಲ" ಎಂದು ರಸ್ತೆಯ ಕಡೆ ನೋಡಿದರು.

ಪ್ಯಾನೆಲನ್ನು ಅವರು ಟಗರು ಆರಿಸುವ ಹಾಗೆ ಆರಿಸಿದರು. ಒಂದೊಂದನ್ನೂ ಎತ್ತಿ ತೂಗಿ, ಬೆನ್ನು ತಟ್ಟಿ, "ಹಲ್ಲು ನೋಡಾಕ ಆಗಲ್ಲ ಇದಕ್ಕೆ" ಎಂದು ಪೇಚಾಡಿದರು.

"ವಾರಂಟಿ ಕಾರ್ಡೇ ಹಲ್ಲು ಕಣ್ರೀ" ಎಂದರು ನಮ್ಮ ಮಾಲೀಕ ಶಿವಶಂಕರ.

ಕೊನೆಗೆ ಕರಿಯಣ್ಣ ಹಿಡಿದದ್ದು ಸೂಟ್‌ಕೇಸಿನ ಹಾಗೆ ಮಡಚುವ ಹಗುರದ ಪ್ಯಾನೆಲ್. ಕಂಕುಳಲ್ಲಿ ಇಟ್ಟುಕೊಂಡು ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆದೂ ನೋಡಿದರು. ನಾನು ಬಿಡಬೇಕಲ್ಲ! "ಹೊತ್ತು ತಿರುಗೋದ್ಯಾಕ್ರೀ? ನೆತ್ತಿಗೇ ಬಿಗಿಯೋಣ" ಎಂದೆ. ವಿಡಿಯೊಗಳಲ್ಲಿ ಹಾಗೇ ಇತ್ತು. ಮಡಿಕೆ ಬಿಚ್ಚಿ ಹಾಸಿ ಬೋಲ್ಟ್ ಹಾಕಿದೆ. ಸೀಟಿನ ಕೆಳಗೆ ಬ್ಯಾಟರಿ, ಹಿಂದೆ ಎರಡು ಬಲ್ಬು. ಕರಿಯಣ್ಣ ಏನೋ ಹೇಳಲು ಬಾಯಿ ತೆರೆದರು. ನಾನು ಕಂಟ್ರೋಲರ್, ವೋಲ್ಟೇಜ್, ಆಂಪಿಯರ್ ಎಂದೆ. ಅವರು ಬಾಯಿ ಮುಚ್ಚಿದರು.

ಬಿಡಾರ ಹೊರಟ ನಾಲ್ಕನೇ ದಿನ ಫೋನ್ ಬಂತು. "ತಮ್ಮಾ ಮಾಲತೇಶ, ನಿನ್ನ ಲೈಟು ನಾವು ಉಂಡು ಕೈ ತೊಳ್ಯೋದ್ರಾಗ ಮಲಗ್ತೈತಿ. ಇವಳು ಗಂಟು ಕಟ್ಟಿದಾಳೆ. ನಾಳೆ ಸಂಜೆ ಬಸ್ಸಿಗೆ ಊರಿಗೆ ಹೋಗ್ತಾಳಂತೆ."

ಮರುದಿನ ಬೆಳಿಗ್ಗೆಯೇ ಸೊರಬಕ್ಕೆ ಹೋಗಿ, ಅಲ್ಲಿಂದ ಉಳವಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬ್ಯಾಟರಿಯನ್ನು ಬೈದೆ, ವೈರನ್ನು ಬೈದೆ. ನನ್ನ ಸರದಿ ಬರುವಷ್ಟರಲ್ಲಿ ಇಳಿಯುವ ಜಾಗ ಬಂತು.

ಗದ್ದೆಯ ತುಂಬ ಬಿಸಿಲು. ಆಟೊ ಮಾತ್ರ ಬದುವಿನ ಮಾವಿನ ಮರದ ದಟ್ಟ ನೆರಳಲ್ಲಿ ತಂಪಾಗಿ ನಿಂತಿತ್ತು. ಪ್ಯಾನೆಲ್ಲಿನ ಮೇಲೆ ನಾಲ್ಕು ಒಣಗಿದ ಎಲೆ ಬೇರೆ.

"ಗಾಡೀನ ಬಿಸಿಲಿಗೆ ನಿಲ್ಲಿಸ್ರೀ!" ಎಂದು ದೂರದಿಂದಲೇ ಕೂಗಿದೆ.

"ಮರಿಗಳ್ನ ನಿನ್ನ ತಲೆ ಮ್ಯಾಲೆ ಇಟ್ಕೊಂತೀಯೇನಪ್ಪಾ?" ಎಂದರು ಹನುಮಮ್ಮ.

ಆಟೊದೊಳಗೆ, ಸಾಮಾನು ಹೇರುವ ಜಾಗದಲ್ಲಿ, ಗೋಣಿಯ ಮೇಲೆ ಏಳು ಮರಿ ಮಲಗಿದ್ದವು. ತಾಯಿಗಳು ಮೇಯಲು ಹೋದರೆ ಎಳೆಯವು ದಿನವಿಡೀ ಬಿಡಾರದಲ್ಲೇ ಇರುತ್ತವೆ. ಕುರಿಗಾರರು ಮೊದಲು ನೆರಳು ಹುಡುಕಿ, ಆಮೇಲೆ ಗಾಡಿ ನಿಲ್ಲಿಸುತ್ತಾರೆ. ಬಿಸಿಲು ಬೇಕಾದದ್ದನ್ನೂ ನೆರಳು ಬೇಕಾದದ್ದನ್ನೂ ಒಂದೇ ಗಾಡಿಗೆ ಕಟ್ಟಿದ ಪುಣ್ಯಾತ್ಮ ನಾನು. ಹಗಲು ಎಲ್ಲಿ ನಿಲ್ಲಿಸುತ್ತೀರಿ ಎಂದು ಒಂದು ಮಾತು ಕೇಳಿರಲಿಲ್ಲ.

"ಅದನ್ನೇ ಹೇಳಾಕ ಬಂದಿದ್ದೆ ಅವತ್ತು. ನೀನು ಇಂಗ್ಲಿಷ್ ಹೊಡದಿ" ಎಂದರು ಕರಿಯಣ್ಣ.

ಬೋಲ್ಟ್ ಬಿಚ್ಚಿ, ಪ್ಯಾನೆಲನ್ನು ಅವರು ಮೊದಲೇ ಬಯಸಿದ್ದಂತೆ ಮಡಚುವ ಸ್ಥಿತಿಗೆ ತಂದೆ. ಬಿಸಿಲಲ್ಲಿ ಎರಡು ಗೂಟಕ್ಕೆ ಒರಗಿಸಿ, ವೈರಿನದೇ ತಪ್ಪಿದ್ದೀತೆಂದು ಸೊರಬದಲ್ಲಿ ಕೊಂಡಿದ್ದ ದಪ್ಪ ವೈರು ಎಳೆದೆ. ವೈರು ಉದ್ದವಾದಷ್ಟೂ ದಪ್ಪ ಇರಬೇಕು, ಇಲ್ಲದಿದ್ದರೆ ಕರೆಂಟು ದಾರಿಯಲ್ಲೇ ಸೊರಗುತ್ತದೆ. ಅಷ್ಟಾದರೂ ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಒಂದು ಮರಿ ಎದ್ದು ಬಂದು ತೋರಿಸಿತು: ವೈರನ್ನು ಬಾಯಿಗೆ ಹಾಕಿಕೊಂಡಿತು. ಕರಿಯಣ್ಣ ನಗುತ್ತ ಹಳೆಯ ನೀರಿನ ಪೈಪು ತಂದರು. ವೈರು ಅದರೊಳಗೆ ಹೋಯಿತು.

"ಬೆಳಿಗ್ಗೆ ಆ ಕಡೆ, ಮಧ್ಯಾಹ್ನ ಮೇಲಕ್ಕೆ, ಆಮೇಲೆ ಈ ಕಡೆ ತಿರುಗಿಸ್ಬೇಕು" ಎಂದು ಹನುಮಮ್ಮನವರಿಗೆ ವಿವರಿಸಿದೆ.

"ಕಂಬ್ಳಿ ಒಣಗಿಸ್ದಂಗೆ ಅನ್ನು. ಇಷ್ಟಕ್ಕೆ ಶಿಕಾರಿಪುರದಿಂದ ಬಂದ್ಯಾ?"

ಆದರೆ ಗಂಟು ಬಿಚ್ಚಲಿಲ್ಲ. ಅದರ ಮೇಲೇ ಕೂತು, "ಇವತ್ತೊಂದಿನ ನೋಡ್ತೀನಿ. ಮೊದ್ಲು ನಿನ್ನ ಲೈಟು ಬೆಳಗು ಮಾಡ್ಲಿ" ಎಂದರು. ಅವರು ಹೋಗಬೇಕಿದ್ದ ಸಂಜೆಯ ಬಸ್ಸಿಗೆ ನಾನು ಹತ್ತಿದೆ.

ಬೆಳಿಗ್ಗೆ ಆರೂವರೆಗೆ ಫೋನ್. ಹನುಮಮ್ಮ.

"ಏನಪ್ಪಾ, ಹೊತ್ತು ಹುಟ್ಟಿದ್ರೂ ಉರೀತೈತಿ ಇದು. ಆರ್ಸೋದು ಎಲ್ಲಿ?"

ಇಷ್ಟು ದಿನ ಹೊತ್ತಿಸುತ್ತಿದ್ದವರು ಕರಿಯಣ್ಣ, ಆರುತ್ತಿದ್ದದ್ದು ತಾನಾಗಿಯೇ; ಸ್ವಿಚ್ ಎಲ್ಲಿದೆ ಎಂದು ಇವರಿಗೆ ತೋರಿಸುವುದನ್ನೂ ಮರೆತಿದ್ದೆ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕರಿಯಣ್ಣನವರ ದನಿ ಕೇಳಿಸಿತು: "ಅದು ಉರೀಲಿ ಬಿಡೇ. ಮೊದ್ಲು ಗಂಟು ಬಿಚ್ಚು, ಚಾ ಪುಡಿ ಅದ್ರಾಗೈತಿ."

"ಬಿಚ್ಚಿದೀನಿ, ಬಿಚ್ಚಿದೀನಿ. ನೀರಿಡು ಹೋಗು" ಎಂದರು ಹನುಮಮ್ಮ.