ಗೋಲಿಗೊಂದು ಹಾರ್ನ್

ಮಗಳು ಗೋಲ್ ಹೊಡೆದದ್ದೇ ತಡ, ಪಕ್ಕದ ಕಾರಿನ ಹಾರ್ನ್ ಕಿವಿ ಗಡಚಿಕ್ಕುವಂತೆ ಮೊಳಗಿತು. ಅಮೆರಿಕದ ಈ ರೆಡ್ಮಂಡ್‌ನಲ್ಲಿ ಹಾರ್ನ್ ಹೊಡೆಯುವವರು ಬೆಂಗಳೂರಿನವರೇ ಇರಬೇಕೆಂದು ತಿರುಗಿದರೆ, ಮಗಳ ಗೆಳತಿಯ ಆಸ್ಟ್ರೇಲಿಯಾದ ಅಜ್ಜ!

ಅವರ ಹಳ್ಳಿಗಾಡಿನ ಫುಟ್‌ಬಾಲ್ ಲೀಗಿನಲ್ಲಿ ಮೈದಾನದ ಸುತ್ತ ಕಾರು ನಿಲ್ಲಿಸಿಕೊಂಡು, ಗೋಲಾದಾಗಲೆಲ್ಲ ಹಾರ್ನ್ ಹೊಡೆಯುತ್ತಿದ್ದರಂತೆ. ಬರಬರುತ್ತಾ ಜನ ಊರು ಬಿಟ್ಟು, ಆಡುವವರೇ ಸಿಗದೆ, ಹಾವು ಮುಂಗುಸಿಯಂತಿದ್ದ ಊರುಗಳು ಒಂದೇ ತಂಡ ಕಟ್ಟಿದವಂತೆ. ಕೊನೆಗೆ ಲೀಗೇ ಮುಚ್ಚಿತಂತೆ.

"ಇಷ್ಟು ಹಾರ್ನ್ ಹೊಡೆದ್ರೆ ಜನ ಊರು ಬಿಡದೆ ಇನ್ನೇನ್ ಮಾಡ್ತಾರೆ?" ಎಂದು ನನ್ನವರು ಕನ್ನಡದಲ್ಲಿ ಪಿಸುಗುಟ್ಟಿದರು. ನೀರು ಕುಡಿಯಲು ಬಂದ ಮಗಳು ಅದನ್ನು ಅಜ್ಜನಿಗೆ ಇಂಗ್ಲಿಷ್‌ನಲ್ಲಿ ಚಾಚೂ ತಪ್ಪದೆ ಒಪ್ಪಿಸಿದಳು. ಅಜ್ಜ ಬಿದ್ದು ಬಿದ್ದು ನಕ್ಕರು.

ಮುಂದಿನ ಗೋಲಿಗೆ ಹಾರ್ನ್ ಹೊಡೆದದ್ದು ನನ್ನವರು. ಗೋಲ್ ಎದುರಾಳಿಗಳದ್ದು. ಮುಚ್ಚಿಹೋದ ಲೀಗಿನ ಈ ಹೊಸ ಸದಸ್ಯರಿಗೆ ಅದನ್ನು ಹೇಳಲು ನನಗೂ ಮನಸ್ಸಾಗಲಿಲ್ಲ, ಅಜ್ಜನಿಗೂ.