ಸ್ಕ್ರೀನ್ ಹೋದ ಲ್ಯಾಪ್‌ಟಾಪ್

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಆಪರೇಟರಮ್ಮ ಅಂತಲೇ ಕರೆಯುತ್ತಿದ್ದರು. ಹೊರಗಿನಿಂದ ಯಾರು ಫೋನ್ ಮಾಡಿದರೂ ಮೊದಲು ಸಿಗುವ ದನಿ ಅವಳದೇ. ಹುಟ್ಟಿನಿಂದ ಕಣ್ಣು ಕಾಣದು. ಆದರೆ ಯಾವ ವಾರ್ಡಿನ ನಂಬರು ಯಾವುದು, ಯಾವ ಡಾಕ್ಟರು ತಕ್ಷಣ ಫೋನ್ ಎತ್ತುತ್ತಾರೆ, ಯಾರು ಎತ್ತಿ ಮಾತಾಡದೆ ಕೆಳಗಿಡುತ್ತಾರೆ, ಎಲ್ಲ ಅವಳಿಗೆ ಬಾಯಿಪಾಠ. ಅಂಥವಳ ಹತ್ತಿರ ಒಂದು ದಿನ ಆಡಳಿತಾಧಿಕಾರಿ ಬಂದು, "ಹಳೇ ಫೋನ್ ಬೋರ್ಡು ತೆಗೆಸ್ತಾ ಇದ್ದೀವಮ್ಮ, ಇನ್ಮೇಲೆ ಎಲ್ಲ ಕಂಪ್ಯೂಟರಲ್ಲೇ. ನಿಮಗೆ ಏನಾದರೂ ಹಗುರ ಕೆಲಸ ನೋಡೋಣ" ಅಂದರು.

ಹಗುರ ಕೆಲಸವಂತೆ! ಮೂಲೆಯಲ್ಲೊಂದು ಕುರ್ಚಿ ಹಾಕಿ, ಸಂಜೆವರೆಗೆ ಕೈಕಟ್ಟಿ ಕೂರಿಸುವುದಕ್ಕೆ ಇಟ್ಟ ಮರ್ಯಾದೆಯ ಹೆಸರು ಅದು. ಇವಳೇನು ಅಷ್ಟಕ್ಕೆಲ್ಲ ಬಗ್ಗುವ ಹೆಂಗಸಲ್ಲ.

"ಕಂಪ್ಯೂಟರ್ ನನಗೂ ಬರುತ್ತೆ ಸಾರ್. ಓದಿ ಹೇಳೋ ದನಿ ಇರುತ್ತಲ್ಲ, ಅದನ್ನ ಹಾಕಿಸಿಕೊಡಿ ಸಾಕು. ಹೊಸದು ಬಂದ ದಿನ ನೀವೇ ನಿಂತು ಪರೀಕ್ಷೆ ಮಾಡಿ. ಆಗಲಿಲ್ಲ ಅಂದರೆ ಈ ಕುರ್ಚಿ ಬಿಟ್ಟು ನಾನೇ ಎದ್ದು ಹೋಗ್ತೀನಿ."

ಅಧಿಕಾರಿಯೂ ಒಪ್ಪಿದರು. ಅಂದದ್ದೇನೋ ಅಂದಳು. ಎಂದೋ ತರಬೇತಿಯಲ್ಲಿ ಕಲಿತ ವಿದ್ಯೆ, ಬೆರಳಿಗೆಲ್ಲ ತುಕ್ಕು ಹಿಡಿದಿತ್ತು. ಮನೆಯಲ್ಲಿ ಭಾವನ ಲ್ಯಾಪ್‌ಟಾಪ್ ಇತ್ತು, ಆದರೆ ಅದರ ಮುಂದೆ ಕೂತರೆ ಬೆನ್ನ ಹಿಂದೆ ಅಕ್ಕ ಹಾಜರು. ಅಕ್ಕ ಒಳ್ಳೆಯವಳೇ, ಅದರಲ್ಲಿ ಎರಡು ಮಾತಿಲ್ಲ. ತಾಯಿ ಹೋದ ಮೇಲೆ ತಂಗಿಯನ್ನು ಸಾಕಿ ಬೆಳೆಸಿದವಳು, ತಂಗಿ ಅಂದರೆ ಜೀವ. ಆದರೆ ತಂಗಿ ಲೋಟ ಹಿಡಿದರೂ ಸರಿ, ಚಾಕು ಹಿಡಿದರೂ ಸರಿ, "ಕೊಡಿಲ್ಲಿ, ನಾನು ಮಾಡ್ತೀನಿ" ಅಂತ ಕಿತ್ತುಕೊಳ್ಳುವುದೇ. ಅವಳ ಪ್ರೀತಿಗೆ ಕೈ ಸ್ವಲ್ಪ ಜಾಸ್ತಿ. ಹಾಗಾಗಿ ತನ್ನದೇ ಒಂದು ಲ್ಯಾಪ್‌ಟಾಪ್ ತಗೊಂಡೇ ತೀರಬೇಕು ಅಂತ ಆಪರೇಟರಮ್ಮ ಪಟ್ಟು ಹಿಡಿದಳು. ಅಂಗಡಿಗೂ ಅಕ್ಕ ಜೊತೆಗೆ ಹೊರಟಳು, ಅದನ್ನು ಬೇರೆ ಹೇಳಬೇಕೇ?

ಹಳೇ ಲ್ಯಾಪ್‌ಟಾಪ್ ಮಾರುವ ಅಂಗಡಿ. ಅಂಗಡಿಯವನು ತೆಳ್ಳಗಿನದೊಂದನ್ನು ಮುಂದಿಟ್ಟ. ಆಪರೇಟರಮ್ಮ ಅದರ ಮೇಲೆ ಬೆರಳಾಡಿಸಿ ಮುಖ ಸಿಂಡರಿಸಿದಳು.

"ಇದರ ಕೀ ಒತ್ತಿದರೆ ಒತ್ತಿದ ಹಾಗೇ ಇಲ್ಲವಲ್ಲಪ್ಪ. ದೊಡ್ಡ ಆಫೀಸುಗಳಿಂದ ದಪ್ಪನೆಯವು ಬರ್ತಾವಲ್ಲ, ಅಂಥದ್ದು ತೋರಿಸು."

"ಒಂದಿದೆ ಮೇಡಂ. ಆದರೆ ಅದರ ಸ್ಕ್ರೀನ್ ಹೋಗಿದೆ. ಬಿಚ್ಚಿ ಸಾಮಾನು ತೆಗೆಯೋಕೆ ಅಂತ ಇಟ್ಟಿದ್ದೀನಿ."

ಆಪರೇಟರಮ್ಮ ಗಟ್ಟಿಯಾಗಿ ನಕ್ಕುಬಿಟ್ಟಳು. "ಸ್ಕ್ರೀನ್ ಕಟ್ಟಿಕೊಂಡು ನಾನೇನು ಮಾಡಲಿ ಮಾರಾಯ? ಅದನ್ನೇ ಕೊಡು!"

ಅಕ್ಕನಿಗೆ ತಲೆ ಕೆಟ್ಟಿತು. "ಯಾರಾದರೂ ದುಡ್ಡು ಕೊಟ್ಟು ಕೆಟ್ಟಿರೋದನ್ನ ತಗೋತಾರೇನೇ?"

"ಅದು ಕೆಟ್ಟಿರೋದು ನಿನ್ನ ಪಾಲಿಗೆ ಅಕ್ಕ, ನನ್ನ ಪಾಲಿಗಲ್ಲ."

ಕೀಗಳು ಆಳವಾಗಿದ್ದವು, ಒತ್ತಿದರೆ ಬೆರಳಿಗೆ ಉತ್ತರ ಕೊಡುತ್ತಿದ್ದವು. ಮೇಲಿನ ಸಾಲಿನಲ್ಲಿ ನಾಲ್ಕು ನಾಲ್ಕು ಕೀಗೆ ಒಂದು ಸಂದು, ಎಣಿಸುತ್ತಾ ಕೂರಬೇಕಾಗಿಲ್ಲ. ಅಂಗಡಿಯವನು ತನ್ನ ಟೇಬಲ್ಲಿನ ಮಾನಿಟರಿಗೆ ಜೋಡಿಸಿಕೊಂಡು ಓದಿ ಹೇಳುವ ದನಿಯನ್ನು ಹಾಕಿಕೊಟ್ಟ. ದನಿಯೇನೋ ಬಂತು, ಆದರೆ ಕೀ ಒತ್ತಿ ಒಂದು ಆಕಳಿಕೆ ತೆಗೆದ ಮೇಲೆ ಬಂತು. ಫೋನಿನ ಆ ಕಡೆ ಇರುವವರು ಅಷ್ಟು ಹೊತ್ತು ಸುಮ್ಮನಿರುತ್ತಾರೆಯೇ?

"ಹಳೇ ಡಿಸ್ಕು ಮೇಡಂ, ತಿರುಗಿ ತಿರುಗಿ ಸುಸ್ತಾಗಿದೆ. ಎಸ್‌ಎಸ್‌ಡಿ ಅಂತ ತಿರುಗದ ಡಿಸ್ಕು ಹಾಕಿ, ಮೆಮೊರಿಗೆ ಇನ್ನೊಂದು ರ‍್ಯಾಮ್ ಕೂರಿಸಿದರೆ ನೀವು ಒತ್ತೋದೇ ತಡ, ಮಾತಾಡುತ್ತೆ."

"ಡಿಸ್ಕು ನೀನು ಹಾಕು. ರ‍್ಯಾಮ್ ನಾನು ಹಾಕ್ತೀನಿ. ನಾಳೆ ಏನಾದರೂ ಆದರೆ ನನಗೂ ಗೊತ್ತಿರಲಿ."

ಅವನು ಹಿಂದಿನ ಮುಚ್ಚಳ ಬಿಚ್ಚಿ, ರ‍್ಯಾಮಿನ ಪಟ್ಟಿಯನ್ನು ಅವಳ ಕೈಗೆ ಕೊಟ್ಟ. ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಬೇಕು, ಎರಡೂ ಪಕ್ಕದ ಕೊಂಡಿಗಳು ಟಕ್ ಅಂತ ಕಚ್ಚಿಕೊಳ್ಳಬೇಕು. ಒಂದು ಕಡೆ ಟಕ್ ಅಂದಿತು. ಇನ್ನೊಂದು ಕಡೆಗೆ ಬೆರಳಿಡುವಷ್ಟರಲ್ಲಿ, "ಚುಚ್ಚೀತು, ಕೊಡಿಲ್ಲಿ" ಅಂತ ಅಕ್ಕನ ಕೈ ಬಂದೇಬಿಟ್ಟಿತು. ಒತ್ತಿ, "ಆಯ್ತು" ಅಂದಳು. ಅಂಗಡಿಯಲ್ಲಿ ಎಲ್ಲ ಚೆನ್ನಾಗಿಯೇ ಓಡಿತು. ಬಸ್ಸಿನಲ್ಲಿ ಕುಲುಕಾಡಿ ಮನೆಗೆ ಬಂದು ಗುಂಡಿ ಒತ್ತಿದರೆ, ದನಿ ಇಲ್ಲ! ಬೀಪ್ ಬೀಪ್ ಅನ್ನುವ ಸದ್ದು ಮಾತ್ರ.

ಅಕ್ಕ, ಭಾವ ಇಬ್ಬರೂ ಕಪ್ಪು ಸ್ಕ್ರೀನಿನ ಮುಂದೆ ಬಗ್ಗಿದರು. ನೋಡುವುದಕ್ಕೆ ಏನಿದೆ ಮಣ್ಣು? ಭಾವ ಕೆಮ್ಮಿದರು. ಅಕ್ಕ, "ಬಡ್ಕೊಂಡೆ ನಾನು, ಕೇಳಿದೆಯಾ? ನಾಳೆ ಹೊಸದು ಕೊಡಿಸ್ತೀನಿ, ಇದನ್ನ ಬಿಸಾಕು" ಅಂದಳು.

"ಭಾವ, ಸ್ಕ್ರೂಡ್ರೈವರ್ ಕೊಡಿ," ಅಂದಳು ಆಪರೇಟರಮ್ಮ.

ಟೇಬಲ್ಲಿನ ಮೇಲೆ ಅದನ್ನು ಮಗುಚಿ ಹಾಕಿ, ಒಂದೊಂದೇ ಸ್ಕ್ರೂ ಬಿಚ್ಚಿ ತಟ್ಟೆಯೊಳಗೆ ಹಾಕಿದಳು. ಬೆರಳು ಅವಸರ ಮಾಡಲಿಲ್ಲ. ರ‍್ಯಾಮಿನ ಒಂದು ಪಕ್ಕದ ಕೊಂಡಿ ಕಚ್ಚಿಕೊಂಡಿತ್ತು, ಇನ್ನೊಂದು ಬಾಯಿ ಬಿಟ್ಟುಕೊಂಡು ನಿಂತಿತ್ತು. ಒತ್ತಿದಳು, ಟಕ್ ಅಂದಿತು. ಮತ್ತೆ ಶುರು ಮಾಡಿದರೆ ದನಿ ಪಟಪಟ ಅಂತ ಮಾತಾಡತೊಡಗಿತು.

"ಇದು ನೀನು ಒತ್ತಿದ ಕಡೆ ಅಕ್ಕ."

"ನಾನು ನಿನ್ನ ಒಳ್ಳೇದಕ್ಕೇ ಅಲ್ವೇನೇ..."

"ಗೊತ್ತು. ನನಗೆ ಸಿಟ್ಟು ಬಂದಿದೆ ಅನ್ನೋದೂ ನಿನಗೆ ಗೊತ್ತಿರಲಿ. ಕೈಗೆ ಬಂದದ್ದನ್ನೆಲ್ಲ ನೀನೇ ಕಿತ್ತುಕೊಂಡರೆ ನಾನು ಯಾವುದನ್ನ ಕಲೀಲಿ? ನಾಳೆ ಕುರ್ಚಿ ಹೋಗೋದು ನಂದು, ನಿಂದಲ್ಲ."

ಅಕ್ಕ ಮುಖ ಊದಿಸಿಕೊಂಡು ಒಳಗೆ ಹೋದಳು. ಮರುದಿನ ಬೆಳಗ್ಗೆ ಅವಳೇ ಅಡುಗೆಮನೆಯಿಂದ, "ಹಲೋ, ಮಕ್ಕಳ ವಾರ್ಡ್ ಕೊಡ್ರೀ, ಎಷ್ಟು ಹೊತ್ತು ಕಾಯೋದು!" ಅಂತ ಕೂಗಿದಳು. ಅಲ್ಲಿಂದ ದಿನಾ ಅದೇ ಆಟ. ಅಕ್ಕ ಒಮ್ಮೆ ಜಗಳಗಂಟಿ, ಒಮ್ಮೆ ಕಿವಿ ಕೇಳದ ಮುದುಕಿ. ವಾರ್ಡುಗಳನ್ನೂ ನಂಬರುಗಳನ್ನೂ ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದ ಆಪರೇಟರಮ್ಮ ಹುಡುಕಿ ಹುಡುಕಿ ಹೇಳುತ್ತಿದ್ದಳು. ದನಿಯ ವೇಗ ಏರಿಸುತ್ತಾ ಹೋದಳು. ಕೊನೆಕೊನೆಗೆ ಅದು ಏನು ಹೇಳುತ್ತಿದೆ ಅಂತ ಮನೆಯಲ್ಲಿ ಅವಳೊಬ್ಬಳಿಗೇ ತಿಳಿಯುತ್ತಿತ್ತು.

ಪರೀಕ್ಷೆಯ ದಿನ ಫೋನ್ ಕೋಣೆಯಲ್ಲಿ ಓದಿ ಹೇಳುವ ದನಿ ಹಾಕಿದ ಹೊಸ ಕಂಪ್ಯೂಟರ್ ಇತ್ತು, ಹಳೇ ಬೋರ್ಡು ಒಯ್ಯುವ ಕೆಲಸಗಾರರು ಬಾಗಿಲಲ್ಲಿ ನಿಂತಿದ್ದರು. ಆಪರೇಟರಮ್ಮ ಹೆಡ್‌ಫೋನ್ ಹಾಕಿಕೊಂಡು ಕೂತಳು. ಅಧಿಕಾರಿ ಜೊತೆಗೆ ಬಂದಿದ್ದ ಅಕ್ಕನ ಕಡೆ ತಿರುಗಿ ಮೆಲ್ಲಗೆ, "ಇವರ ಕೈಲಿ ಇದೆಲ್ಲ ಆಗುತ್ತಾ ಅಮ್ಮಾ? ನೀವೇ ಹೇಳಿ" ಅಂದರು.

ಅಕ್ಕ ಬಾಯಿ ತೆರೆದಳು. ಮುಚ್ಚಿದಳು. ಆಮೇಲೆ, "ಅವಳು ಎದುರಿಗೇ ಇದ್ದಾಳಲ್ಲ ಸಾರ್. ಅವಳನ್ನೇ ಕೇಳಿ" ಅಂದಳು. ದನಿ ಸ್ವಲ್ಪ ಜೋರಾಗಿಯೇ ಇತ್ತು.

ಕೇಳುವುದರೊಳಗೆ ಫೋನ್ ಬಂತು. ಆ ಕಡೆ ಒಬ್ಬ ಗಂಡಸು ಏದುಸಿರು ಬಿಡುತ್ತಿದ್ದ. ಹೆಂಡತಿಯನ್ನು ಹೆರಿಗೆಗೆ ಕರೆತಂದಿದ್ದಾರಂತೆ, ಎಲ್ಲಿದ್ದಾಳೆ ಅಂತ ಯಾರೂ ಹೇಳುತ್ತಿಲ್ಲವಂತೆ. "ಗಾಬರಿ ಆಗಬೇಡಿ, ಲೈನಲ್ಲೇ ಇರಿ. ಅವರ ಹೆಸರು ಹೇಳಿ," ಅಂದ ಆಪರೇಟರಮ್ಮನ ಬೆರಳುಗಳು ಆಗಲೇ ಓಡುತ್ತಿದ್ದವು. ಒಂದು ಕಿವಿಯಲ್ಲಿ ಅವನ ಉಸಿರು, ಇನ್ನೊಂದರಲ್ಲಿ ಕಂಪ್ಯೂಟರಿನ ದನಿ. "ಹೆರಿಗೆ ವಾರ್ಡಲ್ಲೇ ಇದ್ದಾರೆ. ಸಿಸ್ಟರ್‌ಗೆ ಕೊಡ್ತೀನಿ, ಮಾತಾಡಿ." ಕೊಟ್ಟಳು. ಅಷ್ಟರಲ್ಲಿ ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು.

ಅಧಿಕಾರಿ ಏನೋ ಹೇಳಲು ಹೋದರು. ಅವಳು ಕೈ ಎತ್ತಿದಳು. "ಒಂಚೂರು ಸುಮ್ಮನಿರಿ ಸಾರ್, ಫೋನಲ್ಲಿದ್ದೀನಿ."

ಅವರು ಕೆಲಸಗಾರರಿಗೆ ಬೋರ್ಡು ತೆಗೆಯುವಂತೆ ಕೈಸನ್ನೆ ಮಾಡಿ, ಲೈನ್ ಖಾಲಿಯಾಗುವವರೆಗೆ ಕಾದರು. ಆಮೇಲೆ ಅವಳ ಪಕ್ಕಕ್ಕೆ ಬಂದು ಅವಳನ್ನೇ ಕೇಳಿದರು: "ನಾಳೆ ಎಷ್ಟು ಹೊತ್ತಿಗೆ ಬರ್ತೀರಿ?"

"ದಿನಾ ಬರೋ ಹೊತ್ತಿಗೇ ಸಾರ್," ಅಂದು ಆಪರೇಟರಮ್ಮ ಮುಂದಿನ ಫೋನ್ ತೆಗೆದುಕೊಂಡಳು.