ಅಣ್ಣಮ್ಮ ಟೀಚರು ಅಳೆದ ಮೊಮ್ಮಗಳು

ಕ್ಯಾತನಹಳ್ಳಿಯಲ್ಲಿ ಅಣ್ಣಮ್ಮ ಟೀಚರು ಅಳೆಯದ ಮಗುವಿಲ್ಲ. ಇಪ್ಪತ್ತಾರು ವರ್ಷದಿಂದ ಊರಿನ ಕೂಸುಗಳನ್ನೆಲ್ಲ ಅಂಗನವಾಡಿಯ ಗೋಡೆಗೆ ಒರಗಿಸಿ ನಿಲ್ಲಿಸಿ ಎತ್ತರ ಬರೆದುಕೊಂಡವರು. ಬಾಯಿ ಜೋರು, ನಿಜ. ಆ ಬಾಯಿಗೆ ಹೆದರಿಯೇ ಎಷ್ಟೋ ತಾಯಂದಿರು ಮಕ್ಕಳಿಗೆ ಮೊಟ್ಟೆ ತಿನ್ನಿಸಿದ್ದಾರೆ.

ಹೋದ ತಿಂಗಳು ಮೊಮ್ಮಗಳು ಧನುಶ್ರೀಯನ್ನು ಅಳೆದರು. ಎರಡು ತುಂಬಿದ ಮಗು, ವಯಸ್ಸಿಗೆ ತಕ್ಕ ಎತ್ತರವಿಲ್ಲ. ಅಳತೆಪಟ್ಟಿಯೇ ಸರಿಯಿಲ್ಲವೆಂದು ಪಕ್ಕದೂರಿನಿಂದ ಬೇರೆ ತರಿಸಿದರು. ಅದೂ ಅಷ್ಟನ್ನೇ ತೋರಿಸಿತು.

ಟೀಚರಿಗೆ ತಲೆಬುಡ ತಿಳಿಯಲಿಲ್ಲ. ಮಗುವಿಗೆ ಹಾಲು, ತುಪ್ಪ, ಮೊಟ್ಟೆ ಯಾವುದಕ್ಕೂ ಕೊರತೆಯಿಲ್ಲ. ಕಾಯಿಲೆ ಕಸಾಲೆಯಿಲ್ಲ. ಮಗ ಸಿದ್ದರಾಜು ಆರಡಿ ಆಳು. ದೃಷ್ಟಿ ತೆಗೆಯುವುದೆಲ್ಲ ಬೇಡವೆಂದು ಊರಿಗೆಲ್ಲ ಹೇಳುವವರು, ಬಾಗಿಲು ಹಾಕಿಕೊಂಡು ಅದನ್ನೂ ಮಾಡಿದರು. ಕೊನೆಗೆ ಯಾರನ್ನು ಬೈಯುವುದೆಂದು ತೋಚದೆ ಸೊಸೆ ಅರ್ಪಿತಳ ಮೇಲೆ ಹರಿಹಾಯ್ದರು. ಅವಳು ಮತ್ತೆ ಮೂರು ತಿಂಗಳ ಬಸುರಿ. ಈ ಕೂಸಿಗೂ ಹೀಗೇ ಆದರೆ ಎಂಬ ಭಯ ಅವರಿಗೆ.

ಆ ಗೊಂದಲದಲ್ಲೇ ಶ್ರೀರಂಗಪಟ್ಟಣಕ್ಕೆ ಪಾಠ ಹೇಳಲು ಹೋದರು. ಮದುವೆ ಗೊತ್ತಾದ ಗಂಡು ಹೆಣ್ಣನ್ನು ಒಟ್ಟಿಗೆ ಕೂರಿಸಿ, ಮುಂದೆ ಹುಟ್ಟುವ ಮಗು ಕುಳ್ಳಾಗದಂತೆ ಈಗಿನಿಂದಲೇ ಏನು ಮಾಡಬೇಕೆಂದು ತಿಳಿಸುವ ತರಗತಿ. ಅವರಿಗೆ ಅದು ಬಾಯಿಪಾಠ. ಮಗುವಿನ ಬೆಳವಣಿಗೆ ತಾಯಿಯ ತಟ್ಟೆಯಿಂದ, ಅದೂ ಅವಳು ಬಸುರಿಯಾಗುವ ಮುಂಚಿನಿಂದಲೇ ಶುರುವಾಗುತ್ತದೆ ಎಂದರು.

ಹೊಣಕೆರೆಯ ಲೋಕೇಶ ಎದ್ದು ನಿಂತ. ಅವನನ್ನು ಮದುವೆಯಾಗಲಿರುವ ರಂಜಿತ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದಳು.

"ನಮ್ಮನೇಲಿ ಗಂಡಸ್ರು ಉಂಡು, ಅವ್ವ ಉಂಡು, ಆಮೇಲೆ ಸೊಸೆ ಉಣ್ಣೋದು ಟೀಚರೇ. ಅವ್ವಂಗೆ ಏನಂತ ಏಳ್ಲಿ? ನಿಮ್ಮನೇಲಿ ಎಂಗೆ?"

ಟೀಚರು ತಮ್ಮ ಅಡುಗೆಮನೆಯನ್ನು ನೆನೆದರು. ಸೊಸೆ ಉಣ್ಣುವುದನ್ನು ಅವರು ನೋಡಿಯೇ ಇರಲಿಲ್ಲ. ತಾವು ಉಂಡು ಎಲೆಅಡಿಕೆ ಹಾಕಿಕೊಂಡು ಕೂತ ಮೇಲೆ ಅಡುಗೆಮನೆಯಲ್ಲಿ ಪಾತ್ರೆಯ ತಳ ಕೆರೆಯುವ ಸದ್ದು ಕೇಳುತ್ತಿತ್ತು, ಅಷ್ಟೇ. ಮಗುವಿನ ಲೋಟ ತುಂಬಿದ ಮೇಲೆ ಉಳಿದ ಹಾಲೆಲ್ಲ ಡೈರಿಗೆ ಹೋಗುತ್ತಿತ್ತು. ತಾವೂ ಸೊಸೆಯಾಗಿದ್ದಾಗ ಹಾಗೇ ಉಂಡವರು. ಆಗ ಹೊಟ್ಟೆ ಉರಿದಿತ್ತು. ಯಾವಾಗ ಮರೆತರೋ, ಅವರಿಗೇ ತಿಳಿಯದು.

ಅಂದು ಸಂಜೆ ಗಂಡಸರು ಕೂರುವ ಮುಂಚೆಯೇ ಸೊಸೆಯನ್ನು ಕರೆದು ತಟ್ಟೆ ಇಟ್ಟರು. ಬಿಸಿ ಮುದ್ದೆ, ಸೊಪ್ಪಿನ ಸಾರು, ಎರಡು ಮೊಟ್ಟೆ.

"ಕೂತ್ಕೊಳವ್ವ, ಮೊದ್ಲು ನೀನು ಉಣ್ಣು."

ಅರ್ಪಿತ ಕೂರಲಿಲ್ಲ. ತಟ್ಟೆಯನ್ನೂ ಅತ್ತೆಯ ಮುಖವನ್ನೂ ನೋಡಿ ಹಿಂದೆ ಸರಿದಳು.

"ನಾನೇನ್ ತಪ್ ಮಾಡ್ದೆ ಅತ್ತೆ?" ಎಂದಳು.

ಟೀಚರು ಅವಳ ಕೈ ಹಿಡಿದು ಕೂರಿಸಿ, ಎದುರಿಗೆ ತಾವೂ ಕೂತರು. ಹೇಳಬೇಕೆಂದುಕೊಂಡ ಪಾಠ ಬಿಟ್ಟು, "ತಪ್ಪು ನಂದು ಕಣವ್ವ, ಉಣ್ಣು" ಎಂದರು.